ಬೇಲಿಯ ಮೇಲಿದ್ದ ನಾಲ್ಕು ಒಣಹೀರೆ

ತುಮಕೂರಿನ ನಮ್ಮ ಬಾಡಿಗೆ ಮನೆಯ ಬಚ್ಚಲಿನಲ್ಲಿ ನಾನು ಮೊಳೆಗೆ ತೂಗುಹಾಕಿದ್ದ ಹೀರೆಯ ನಾರು ಅಮ್ಮನ ಕಣ್ಣಿಗೆ ಬಿದ್ದದ್ದು ಅದು ಮನೆಗೆ ಬಂದ ನಾಲ್ಕನೆಯ ದಿನ. ಅಲ್ಲಿಯವರೆಗೆ ಅಮ್ಮ ನನ್ನ ತಂಗಿಯ ಮನೆಯಲ್ಲಿದ್ದಳು. ಬಂದವಳು ಕೈಕಾಲು ತೊಳೆಯಲು ಬಚ್ಚಲಿಗೆ ಹೋದಳು. ನಲ್ಲಿಯ ಸದ್ದು ನಿಂತಿತು; ಅವಳು ಮಾತ್ರ ಹೊರಗೆ ಬರಲಿಲ್ಲ.

"ಇದೆಲ್ಲಿತ್ತೋ?" ಎಂದು ಅಲ್ಲಿಂದಲೇ ಕೇಳಿದಳು.

"ದೊಡ್ಡಮ್ಮನ ತೋಟದ್ದು. ಮೈ ಉಜ್ಜೋಕೆ ಚೆನ್ನಾಗಿದೆ ಅಮ್ಮ. ಪ್ಲಾಸ್ಟಿಕ್ಕಿಂದು ಬಿಸಾಕಿಬಿಟ್ಟೆ."

"ಬೀಜ ಎಲ್ಲಿಟ್ಟಿದೀಯ?"

"ಬೀಜಾನಾ? ತುದಿ ಕತ್ತರಿಸಿ ಕೊಡವಿದೆ. ಹಸಿ ಕಸದ ಜೊತೆ ಗಾಡಿಯವರಿಗೆ ಕೊಟ್ಟೆ."

ಅಮ್ಮ ಒದ್ದೆ ಕೈಯಲ್ಲೇ ಹೊರಗೆ ಬಂದು ಹೊಸ್ತಿಲ ಪಕ್ಕ ಕುಳಿತಳು. ಗದರುವುದು ಅವಳ ಸ್ವಭಾವವಲ್ಲ. ಆ ದಿನ ಗದರಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

"ನಮ್ಮಮ್ಮನ ಹೀರೆ ಕಣೋ ಅದು" ಎಂದಳು. "ಎಷ್ಟು ಕಿತ್ರಿ?"

"ನಾಲ್ಕು."

"ಬಳ್ಳೀಲಿ ಉಳಿದದ್ದೆಷ್ಟು?"

"ನಾಲ್ಕೇ ಇದ್ದದ್ದು."

ಕಾಲೇಜಿನ ದಿನಗಳಲ್ಲಿ ನಾನು ಚರ್ಚಾಸ್ಪರ್ಧೆಗಳ ವೇದಿಕೆಯಲ್ಲಿ ಬೆಳೆದವನು. ಎದುರು ಪಕ್ಷದ ಪ್ರಶ್ನೆ ಮುಗಿಯುವ ಮೊದಲೇ ಉತ್ತರದ ಮೊದಲ ವಾಕ್ಯ ನಾಲಿಗೆಯ ಮೇಲೆ ಸಿದ್ಧವಾಗಿರಬೇಕು ಎಂಬುದು ಅಲ್ಲಿ ಕಲಿತ ಪಾಠ. ಈಗ ವಿದ್ಯಾರ್ಥಿಗಳಿಗೆ ನಾನೇ ಕಲಿಸುವ ಪಾಠವೂ ಹೌದು. ಅಂದು ಮಾತ್ರ ನಾನು ಮೊಳೆಯಿಂದ ನಾರನ್ನು ಇಳಿಸಿ, ಒಂದು ಬೀಜವಾದರೂ ಉಳಿದಿದೆಯೇ ಎಂದು ಅಮ್ಮನ ಮುಂದೆ ಕೊಡವಿ ನೋಡಿದೆ.

ಅವಳು ಹೇಳಿದ ಸಂಗತಿ ಇಷ್ಟು. ಹುಲಿಯೂರುದುರ್ಗದ ಬಳಿಯ ನನ್ನ ಅಜ್ಜಿ, ಹಿರಿಯ ಮಗಳಾದ ದೊಡ್ಡಮ್ಮನನ್ನು ಗುಬ್ಬಿಯ ಕಡೆಗೆ ಕೊಟ್ಟಾಗ, ಮಡಿಲಕ್ಕಿಯ ಜೊತೆಗೆ ಒಂದು ಹಿಡಿ ಹೀರೆಬೀಜವನ್ನು ಗಂಟು ಕಟ್ಟಿ ಕಳುಹಿಸಿದಳು. ಗೇಣುದ್ದದ ಗಿಡ್ಡ ಕಾಯಿ, ಏಣು ಮೊಂಡು, ಎಂಥ ಬಿಸಿಲಿಗೂ ಒಂದು ಕಾಯಿಯೂ ಕಹಿಯಾಗದು. ಕಿರಿಯ ಮಗಳಾದ ನನ್ನ ಅಮ್ಮ ಸಂಬಳದವನನ್ನು ಮದುವೆಯಾಗಿ ಬಾಡಿಗೆ ಮನೆಗಳಲ್ಲಿ ಬಾಳಿದಳು. ಬಳ್ಳಿ ಹಬ್ಬಿಸಲು ಅವಳಿಗೆ ಒಂದು ಬೇಲಿಯೂ ಇರಲಿಲ್ಲ. ಅಜ್ಜಿ ತೀರಿಕೊಂಡ ಮೇಲೆ ಸೋದರಮಾವನ ಮನೆಯವರು ಅಂಗಡಿಯ ಪಾಕೀಟಿನ ಬೀಜಕ್ಕೆ ತಿರುಗಿದರು. ಹೀಗಾಗಿ ಆ ಹೀರೆ ಈ ಭೂಮಿಯ ಮೇಲೆ ಉಳಿದದ್ದು ಒಂದೇ ಕಡೆ, ದೊಡ್ಡಮ್ಮನ ಬೇಲಿಯ ಮೇಲೆ. ಪ್ರತಿವರ್ಷ ಅವಳು ಒಳ್ಳೆಯ ನಾಲ್ಕು ಕಾಯಿ ಆರಿಸಿ, ಹಳೆಯ ಸೀರೆಯ ಚೂರು ಕಟ್ಟಿ, ಬಳ್ಳಿಯಲ್ಲೇ ಒಣಗಲು ಬಿಡುತ್ತಿದ್ದಳು. ಮುಂದಿನ ವರ್ಷದ ಬಳ್ಳಿ ಆ ನಾಲ್ಕರಿಂದಲೇ ಏಳಬೇಕು.

ಆ ನಾಲ್ಕನ್ನು ಕಿತ್ತ ಭಾನುವಾರ ನಡೆದದ್ದನ್ನು ಈಗ ಹೇಳಬೇಕು.

ದೊಡ್ಡಮ್ಮನ ತೋಟಕ್ಕೆ ಪೇಟೆಯ ಸ್ನೇಹಿತರನ್ನು ಋತುವಿಗೊಮ್ಮೆ ಕರೆದೊಯ್ಯುವುದನ್ನು ನಾನು ಒಂದು ವ್ರತದಂತೆ ನಡೆಸುತ್ತಿದ್ದೆ. ಮಾವಿಗೆ ಒಮ್ಮೆ, ನೇರಳೆಗೆ ಒಮ್ಮೆ, ಅವರೆಯ ಸೊಗಡು ಏಳುವ ಚಳಿಗಾಲಕ್ಕೆ ಒಮ್ಮೆ. ಸಂತೆಯ ಚೀಲದಿಂದ ತಿನ್ನುವವನು ಒಂದು ದಿನವಾದರೂ ಗಿಡದ ಕೈಯಿಂದ ತಿನ್ನಲಿ, ಆಗ ಅವನು ಅನ್ನವನ್ನು ಚೆಲ್ಲುವ ಮೊದಲು ಯೋಚಿಸುತ್ತಾನೆ ಎಂಬುದು ನನ್ನ ನಂಬಿಕೆಯಾಗಿತ್ತು. ಆ ನಂಬಿಕೆಯನ್ನು ನಾನು ಇಂದಿಗೂ ಬಿಟ್ಟಿಲ್ಲ. ದೊಡ್ಡಮ್ಮ, ದೊಡ್ಡಪ್ಪ, ವಸಂತನರಸಾಪುರದ ಕಾರ್ಖಾನೆಗೆ ಹೋಗುವ ಅವರ ಮಗ, ಸೊಸೆ ಎಲ್ಲರೂ ನನ್ನ ಜೊತೆ ಬಂದವರನ್ನು ನೆಂಟರೆಂದೇ ಕರೆದು, ಮಜ್ಜಿಗೆ ಕೊಟ್ಟು, ಬೇಕಾದ್ದು ಕಿತ್ತುಕೊಳ್ಳಿ ಎನ್ನುತ್ತಿದ್ದರು.

ಹಾಗೆ ಕೀಳುವುದರಲ್ಲೂ ಒಂದು ಮರ್ಯಾದೆ ಇರಲಿ ಎಂದು ನಾನು ಒಂದು ಪುಟದ ನಿಯಮಗಳನ್ನು ಬರೆದಿದ್ದೆ. ಗಿಡದ ಮುಂದೆ ಒಂದು ಕ್ಷಣ ಸುಮ್ಮನೆ ನಿಲ್ಲಿ. ಹಕ್ಕಿಗಳ ಪಾಲನ್ನು ಬಿಡಿ. ತಂದದ್ದರಲ್ಲಿ ಏನನ್ನೂ ವ್ಯರ್ಥಮಾಡಬೇಡಿ. ಎಳೆಯದನ್ನು ಮುಟ್ಟಬೇಡಿ, ಗಿಡವು ಬದುಕಿ ಮುಗಿಸಿ ಬಿಟ್ಟುಕೊಟ್ಟದ್ದನ್ನು ಮಾತ್ರ ಸ್ವೀಕರಿಸಿ. ಈ ಕೊನೆಯ ವಾಕ್ಯದ ಬಗ್ಗೆ ನನಗೆ ವಿಶೇಷ ಹೆಮ್ಮೆಯಿತ್ತು. ತೆಂಗಿನ ನೆರಳಿನಲ್ಲಿ ನಿಂತು ಅದನ್ನು ಗಟ್ಟಿಯಾಗಿ ಓದಿದಾಗ ಅತಿಥಿಗಳು ತಲೆದೂಗಿದರು. ದೊಡ್ಡಮ್ಮನ ಸೊಸೆ ಮಾತ್ರ ಬುಟ್ಟಿ ಹಂಚುತ್ತ, "ಇಸ್ಕೂಲ್ ಪ್ರೇಯರ್ ಇದ್ದಂಗಿತ್ತು ಬುಡಿ ಭಾವ, ಜನಗಣಮನ ಒಂದ್ ಬಾಕಿ" ಎಂದು ನಕ್ಕಳು.

ಹಣ್ಣಿನ ಮಟ್ಟಿಗೆ ನನ್ನ ನಿಯಮ ಸರಿ. ಆದರೆ ತರಕಾರಿಯನ್ನು ಎಳೆಯದಾಗಿರುವಾಗಲೇ ಕೀಳುತ್ತಾರೆ, ಬಲಿತದ್ದನ್ನು ಬೀಜಕ್ಕೆ ಬಿಡುತ್ತಾರೆ ಎಂಬುದು ಒಕ್ಕಲು ಮನೆಯ ಯಾವ ಮಗುವಿಗೂ ಗೊತ್ತು. ನನಗೂ ಗೊತ್ತಿರಬೇಕಾಗಿತ್ತು. ವಾಕ್ಯದ ಲಯ ಚೆನ್ನಾಗಿತ್ತು. ಲಯದ ಆಚೆಗೆ ನಾನು ನೋಡಲಿಲ್ಲ.

ಅವರೆಯ ಸಾಲು, ನೆಲ್ಲಿ, ಸೀಬೆ, ಬದುವಿನ ಬೆರಕೆಸೊಪ್ಪು ಎಲ್ಲ ಮುಗಿಸಿ ಬೇಲಿಯ ಬಳಿಗೆ ಬಂದೆವು. ಬೇಲಿಯ ಮೇಲೆ ಎಲೆ ಒಣಗಿದ ಬಳ್ಳಿ. ಅದರಲ್ಲಿ ನಾಲ್ಕು ಹೀರೆ. ಮೂರು ಕಂದು ಬಣ್ಣಕ್ಕೆ ತಿರುಗಿ, ಗಾಳಿಗೆ ಒಳಗಿನ ಬೀಜ ಸದ್ದು ಮಾಡುತ್ತಿದ್ದವು. ಒಂದು ಇನ್ನೂ ಅರೆಹಸಿರು. ನಾಲ್ಕಕ್ಕೂ ತೊಟ್ಟಿನ ಬಳಿ ನೀಲಿ ಬಟ್ಟೆಯ ಚೂರು ಕಟ್ಟಿತ್ತು.

ನನ್ನ ಸಹೋದ್ಯೋಗಿಯಾದ ಅಧ್ಯಾಪಕಿಯೊಬ್ಬರು ಕೇಳಿದರು: "ಸರ್, ಈ ಬಟ್ಟೆ ಯಾಕೆ ಕಟ್ಟಿದಾರೆ?"

ದೊಡ್ಡಮ್ಮ ಎರಡು ಮಾರು ದೂರದಲ್ಲಿ ಬಕೆಟ್ಟು ಹಿಡಿದು ನಿಂತಿದ್ದಳು. ಕೇಳಬೇಕಾದದ್ದು ಅವಳನ್ನು. ನಾನು ಕೇಳಲಿಲ್ಲ. ಗೊತ್ತಿಲ್ಲ ಎನ್ನಲೂ ಇಲ್ಲ.

"ಪೂರ್ತಿ ಮಾಗಿದೆ, ಇನ್ನು ಕೀಳಬಹುದು ಅಂತ ಗುರುತು" ಎಂದೆ. "ಬಳ್ಳಿ ತನ್ನ ಕೆಲಸ ಮುಗಿಸಿದೆ. ಇವತ್ತು ನಾವು ಕೀಳೋದರಲ್ಲಿ ಯಾರಿಗೂ ನೋವಾಗದೇ ಇರೋದು ಅಂದ್ರೆ ಇದೊಂದೇ. ಒಳಗಿನ ನಾರಲ್ಲಿ ಮೈ ಉಜ್ಜಿಕೊಳ್ಳಬಹುದು."

ದೊಡ್ಡಮ್ಮ ಒಂದು ಹೆಜ್ಜೆ ಮುಂದೆ ಬಂದಳು. ಆಮೇಲೆ ಮುಖ ತಿರುಗಿಸಿ, ಬಕೆಟ್ಟಿನ ನೀರನ್ನು ಕನಕಾಂಬರದ ಗಿಡಕ್ಕೆ ಸುರಿದಳು. ಅದನ್ನು ನಾನು ಕಂಡೆ. ಒಪ್ಪಿಗೆ ಎಂದು ತಿಳಿದೆ.

ಒಂದನ್ನು ಅಧ್ಯಾಪಕಿ ಕಿತ್ತರು. ಒಂದನ್ನು ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಹೆಂಡತಿಯ ಕೈಯಿಂದ ಕೀಳಿಸಿದರು. ಅರೆಹಸಿರಿನದನ್ನು, ಬೇರೇನೂ ಉಳಿದಿಲ್ಲವೆಂದು, ಕುಣಿಗಲ್ಲಿನಿಂದ ಬಂದಿದ್ದ ಪ್ರಾಥಮಿಕ ಶಾಲೆಯ ಯುವ ಶಿಕ್ಷಕಿ ತೆಗೆದುಕೊಂಡಳು. ನಾಲ್ಕನೆಯದು ನನ್ನದು. ಕೀಳುವ ಮೊದಲು ಪ್ರತಿಯೊಬ್ಬರೂ ಬಳ್ಳಿಯ ಮುಂದೆ ಒಂದು ಕ್ಷಣ ಸುಮ್ಮನೆ ನಿಂತಿದ್ದೆವು.

ಅಮ್ಮ ಹೊಸ್ತಿಲಿನಿಂದ ಎದ್ದಮೇಲೆ ನಾನು ದೊಡ್ಡಮ್ಮನಿಗೆ ಫೋನು ಮಾಡಿದೆ. ಬೇರೆ ಕಡೆ ಬೀಜ ಎತ್ತಿಟ್ಟಿರಬಹುದೆಂಬ ಒಂದೇ ಆಸೆ.

"ಇಲ್ಲ ಕಣಪ್ಪ" ಎಂದಳು. "ಹೋದ್ ವರ್ಸದ್ದೆಲ್ಲ ಬಿತ್ತಿದ್ದೆ. ಹೋಗ್ಲಿ ಬುಡು, ಗುಬ್ಬಿ ಅಂಗ್ಡೀಲಿ ಪಾಕೀಟ್ ಸಿಕ್ತದೆ."

"ನೀನು ಅಲ್ಲೇ ನಿಂತಿದ್ದೆ ದೊಡ್ಡಮ್ಮ. ಬೇಡ ಅಂತ ಒಂದು ಮಾತು ಯಾಕೆ ಹೇಳಲಿಲ್ಲ?"

"ನೆಂಟ್ರು ಕೈ ಇಟ್ಟಿದ್ರಲ್ಲಪ್ಪ. ಹಿಡ್ಕಂಡ್ ಮ್ಯಾಕೆ ಬುಡಿ ಅನ್ನಾಕಾಯ್ತದಾ? ನಮ್ಮನೇಲಿ ಅಂಗ್ ಯಾರೂ ಅಂದಿಲ್ಲ. ಅಲ್ದೆ ನೀನು ಅಂಗಂತ ಹೇಳ್ಬುಟ್ಟಿದ್ದೆ. ಇಲ್ಲ ಅಂದಿದ್ರೆ ಅಷ್ಟ್ ಜನದ ಮುಂದೆ ನಿನ್ ಮಾತು ಸುಳ್ಳಾಗ್ತಿತ್ತು. ಓದಿರೋ ಮಗ, ಚೆಂದಾಗ್ ಮಾತಾಡ್ತಿದ್ದೆ. ಸುಮ್ಕಾದೆ."

ಸೋತ ಚರ್ಚೆಗಳು ನನಗೆ ನೆನಪಿವೆ. ಆದರೆ ನನ್ನ ಒಂದು ತಪ್ಪು ವಾಕ್ಯಕ್ಕೆ ಕುಂದು ಬಾರದಿರಲೆಂದು ಒಬ್ಬ ಹೆಂಗಸು ತನ್ನ ತಾಯಿಯಿಂದ ಬಂದದ್ದನ್ನೇ ಬಿಟ್ಟುಕೊಟ್ಟದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಸಂಜೆಯೇ ಬ್ಯಾಂಕಿನವರ ಮನೆಗೆ ಹೋದೆ. ಹೀರೆಯ ನಾರು ಅವರ ಷೋಕೇಸಿನಲ್ಲಿ, ವಾರ್ನಿಷ್ ಹೊಳಪಿನಲ್ಲಿ ನಿಂತಿತ್ತು. ಬೀಜದ ಮಾತೆತ್ತಿದಾಗ ಅವರ ಮುಖ ಅರಳಿತು.

"ನೀವು ಹೇಳಿದ ಹಾಗೇ ಮಾಡಿದ್ವಿ" ಎಂದರು. "ಹಕ್ಕಿಗಳ ಪಾಲು. ತಟ್ಟೇಲಿ ಹಾಕಿ ತಾರಸಿ ಮೇಲೆ ಇಟ್ವಿ."

"ಎಲ್ಲಾನೂ?"

"ಎಲ್ಲಾನೂ. ಪಾರಿವಾಳಗಳು ಮೂಸಿ ನೋಡಿ ಹೋದವು, ಮುಟ್ಟಲಿಲ್ಲ. ಎರಡು ದಿನ ಕಾದ್ವಿ. ಆಮೇಲೆ ಕೆಲಸದವಳು ಗುಡಿಸಿದಳು."

ತಾರಸಿ ಹತ್ತಿದೆ. ನೀರು ಹೋಗುವ ತೂತಿನ ಬಳಿ, ಕಸದ ಮೂಲೆಯಲ್ಲಿ, ಹೂಕುಂಡಗಳ ಹಿಂದೆ ಮಂಡಿಯೂರಿ ಹುಡುಕಿದೆ. ಒಂದು ಕಪ್ಪು ಬೀಜ ಸಿಕ್ಕಿತೆಂದು ಎತ್ತಿಕೊಂಡೆ, ಅದು ಸೀತಾಫಲದ್ದು. ಅವರ ಹೆಂಡತಿ ಹಿಂದೆ ನಿಂತು ನೋಡುತ್ತಿದ್ದರು. "ಏನಾದ್ರೂ ತಪ್ಪಾಯ್ತಾ?" ಎಂದು ಕೇಳಿದರು. ತಪ್ಪು ನಿಮ್ಮದಲ್ಲ ಎಂದೆ. ಆ ಮಾತು ಅವರಿಗೆ ಸೌಜನ್ಯವಾಗಿ ಕೇಳಿಸಿತು. ನಾನು ಹೇಳಿದ್ದು ಅಕ್ಷರಶಃ.

ಅಧ್ಯಾಪಕಿಗೆ ಫೋನು ಮಾಡಿದೆ. ಏನನ್ನೂ ವ್ಯರ್ಥಮಾಡಬಾರದೆಂಬ ನಿಯಮವನ್ನು ಅವರು ಪಾಲಿಸಿದ್ದರು. ಕುಂಬಳದ ಬೀಜವನ್ನು ಹುರಿದು ತಿನ್ನುತ್ತಾರಲ್ಲ, ಹಾಗೆಯೇ ಹೀರೆಯದನ್ನೂ ಬಾಣಲೆಯಲ್ಲಿ ಹುರಿದು ಉಪ್ಪು ಹಾಕಿದ್ದರು. ತಿನ್ನಲು ಆಗಲಿಲ್ಲವಂತೆ. "ಸಾರಿ ಸರ್, ಎಸೆಯೋವಾಗ ನಿಮ್ಮನ್ನೇ ನೆನೆಸಿಕೊಂಡೆ" ಎಂದರು.

ನನ್ನ ಒಂದೊಂದು ನಿಯಮವೂ ಒಂದೊಂದು ಮನೆಯಲ್ಲಿ ಚಾಚೂ ತಪ್ಪದೆ ನೆರವೇರಿತ್ತು. ನನ್ನನ್ನು ಬೆಚ್ಚಿಬೀಳಿಸಿದ್ದು ಅದು. ನಿಯಮ ಮುರಿದವರಿಂದ ಆದ ಹಾನಿಯಾಗಿದ್ದರೆ ಅದರ ಮೇಲೆ ಇನ್ನೊಂದು ನಿಯಮ ಬರೆಯಬಹುದಾಗಿತ್ತು.

ಶಿಕ್ಷಕಿಯ ಫೋನು ಸ್ವಿಚ್ ಆಫ್ ಆಗಿತ್ತು. ಬೆಳಿಗ್ಗೆ ಮೊದಲ ಬಸ್ಸಿಗೆ ಕುಣಿಗಲ್ಲಿಗೆ ಹೊರಟೆ. ಬರುತ್ತೇನೆಂದು ಅಮ್ಮನೂ ಸೀರೆ ಬದಲಿಸಿ ನಿಂತಳು. ದಾರಿಯುದ್ದಕ್ಕೂ ಅವಳು ಅಜ್ಜಿಯ ವಿಷಯವನ್ನಾಗಲಿ ಹೀರೆಯ ವಿಷಯವನ್ನಾಗಲಿ ಎತ್ತಲಿಲ್ಲ. ಕೆರೆ ಕಂಡಾಗ ಮಾತ್ರ, "ಈ ಸಲ ತುಂಬೈತೆ" ಎಂದಳು.

ಕೆರೆಯ ಏರಿಗೆ ಹತ್ತಿರದ ಬೀದಿಯಲ್ಲಿ ಮನೆ. ಶಿಕ್ಷಕಿ ಶಾಲೆಗೆ ಹೋಗಿದ್ದಳು. ಬಾಗಿಲು ತೆರೆದದ್ದು ಅವಳ ಅತ್ತೆ. ಎಪ್ಪತ್ತರ ಸಮೀಪದ, ಗಟ್ಟಿ ದನಿಯ ಹೆಂಗಸು. ನಾನು ಯಾರೆಂದು ಹೇಳುತ್ತಿದ್ದಂತೆಯೇ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಓ, ನೀವೇನಾ ಆ ಮೇಷ್ಟ್ರು? ಬನ್ನಿ. ಬೀಜದ ಕಾಯ್ಗೆ ಕೈ ಹಾಕ್ಸೋದು ಯಾವ ಕಾಲೇಜ್ನಾಗ್ ಹೇಳ್ಕೊಟ್ರು ನಿಮ್ಗೆ?"

ಅಮ್ಮ ಹಿಂದಿನಿಂದ ಹೇಳಿದಳು: "ಇವನು ನನ್ ಮಗ ಕಣಕ್ಕ. ಕಾಯಿ ನನ್ ಅಕ್ಕನ ಬೇಲೀದು."

"ಮಗನಾ? ಹಂಗಾದ್ರೆ ನಿಮ್ಮುನ್ನೂ ಬೈಬೇಕು ಬುಡಿ. ಕೂತ್ಕಳಿ, ಕಾಫಿ ಕುಡುದ್ ಮ್ಯಾಕ್ ಬೈತೀನಿ."

ಕಾಫಿಗೆ ನೀರಿಡುತ್ತ ಅವರ ಮಾತು ಅಡುಗೆಮನೆಯಿಂದಲೇ ಮುಂದುವರಿಯಿತು. ಸೊಸೆ ಹೀರೆಕಾಯಿಯನ್ನು ಕೈಯಲ್ಲಿ ಹಿಡಿದು ಒಳಗೆ ಬಂದಾಗಲೇ ಬಟ್ಟೆ ಕಂಡಿತಂತೆ. "'ಇದ್ಯಾಕೆ ತಂದ್ಯವ್ವ, ಬೀಜಕ್ಕೆ ಕಟ್ಟಿರೋದಲ್ವಾ ಇದು' ಅಂದೆ. 'ಇಲ್ಲ ಅತ್ತೆ, ಕೀಳ್ಬೋದು ಅಂತ ಗುರುತಂತೆ, ಸರ್ ಹೇಳುದ್ರು' ಅಂದ್ಳು. ಸರ್‌ಗೆ ಎಲ್ಲಾ ತಿಳೀತದಾ ಅಂದೆ. ಅದುಕ್ಕೆ ಮೋರೆ ಊದುಸ್ಕಂಡ್ಳು."

"ಕಾಯಿ ಏನು ಮಾಡಿದ್ರಿ?" ಎಂದೆ.

"ಏನ್ ಮಾಡಾನ? ಬಿಸ್ಲಲ್ಲಿ ಒಣಗಾಕ್ದೆ. ಬೀಜ ಬುಡ್ಸಿ ಬೂದಿ ಹಾಕಿ ಮಡುಗಿವ್ನಿ. ಕಳ್ಕಂಡೋರು ಹುಡೀಕ್ಕಂಡ್ ಬತ್ತಾರೆ ಅಂತ ಗೊತ್ತಿತ್ತು. ಇಷ್ಟ್ ದಿನ ಆಯ್ತದೆ ಅಂತ ಗೊತ್ತಿರ್ಲಿಲ್ಲ." ಒಂದು ಹಳೆಯ ಹಾರ್ಲಿಕ್ಸ್ ಬಾಟಲಿಯನ್ನು ತಂದು, ನನ್ನ ಚಾಚಿದ ಕೈಯನ್ನು ದಾಟಿಸಿ, ಅಮ್ಮನ ಮಡಿಲಲ್ಲಿ ಇಟ್ಟರು. "ನಾಕ್ ಬೀಜ ನಾನೂ ತೆಗ್ದಿಟ್ಕಂಡಿವ್ನಿ ಕಣವ್ವ, ಮುಚ್ಚಿಡಾಕಿಲ್ಲ. ಕಹಿ ಬರಾಕಿಲ್ಲ ಅಲ್ವಾ ಇದು?"

"ಬರಲ್ಲ" ಎಂದಳು ಅಮ್ಮ. ಅಷ್ಟು ಹೇಳುವುದರೊಳಗೆ ಅವಳ ಕಣ್ಣು ತುಂಬಿತ್ತು.

ಬಾಟಲಿಯನ್ನು ಅಲ್ಲಿಂದ ನೇರವಾಗಿ ಗುಬ್ಬಿಗೆ ಒಯ್ದೆವು. ದೊಡ್ಡಮ್ಮ ಬೂದಿ ಊದಿ, ಬೀಜಗಳನ್ನು ಒಂದು ಬೋಸಿಯ ನೀರಿಗೆ ಸುರಿದಳು. ಅಕ್ಕತಂಗಿಯರಿಬ್ಬರೂ ಬೋಸಿಯ ಮೇಲೆ ಬಾಗಿದರು. ನಾನು ಗೆದ್ದ ನೆಮ್ಮದಿಯಲ್ಲಿದ್ದೆ. ಆ ನೆಮ್ಮದಿ ಒಂದು ನಿಮಿಷವೂ ಬಾಳಲಿಲ್ಲ. ಬೀಜಗಳು ಒಂದೊಂದಾಗಿ ಮೇಲೆ ಬಂದು ತೇಲತೊಡಗಿದವು. ನಾಲ್ಕರಲ್ಲಿ ಅದೇ ಎಳಸು ಕಾಯಿ. ಒಳಗೆ ಕಾಳು ಕಟ್ಟುವ ಮೊದಲೇ ನಾವು ಕಿತ್ತಿದ್ದೆವು. ಜೊಳ್ಳನ್ನೆಲ್ಲ ದೊಡ್ಡಮ್ಮ ಅಂಗೈಯಲ್ಲಿ ತೆಗೆದು ತಿಪ್ಪೆಗೆ ಹಾಕಿದಳು. ತಳದಲ್ಲಿ ಉಳಿದದ್ದು ಎಂಟು.

"ಎಂಟಾದ್ರೂ ಅವಲ್ಲ" ಎಂದಳು ಅಮ್ಮ.

"ಅವೆ" ಎಂದಳು ದೊಡ್ಡಮ್ಮ. "ಎಂಟೂ ಹುಟ್ತವೆ ಅಂತ ಯಾರ್ ಬರ್ಕೊಟ್ಟವ್ರೆ."

ಮುಂಗಾರಿನ ಮೊದಲ ಹದಕ್ಕೆ ಆರನ್ನು ಊರಿದಳು. ಎರಡನ್ನು ಏನಾದರೂ ಆದರೆ ಎಂದು ಉಳಿಸಿಕೊಂಡಳು. ಮೊಳೆತದ್ದು ಮೂರು. ಒಂದನ್ನು ಕೋಳಿ ಕೆದಕಿತು, ಒಂದನ್ನು ಬಸವನಹುಳು ಒಂದೇ ದಿನದಲ್ಲಿ ಬೋಳಿಸಿತು. ಉಳಿದ ಒಂದು ಬಳ್ಳಿಗೆ ಅವಳು ತೆಂಗಿನಗರಿ ಸುತ್ತ ನೆಟ್ಟು ಕಾದಳು. ನಾನು ವಾರವಾರವೂ ಫೋನಿನಲ್ಲಿ ಬಳ್ಳಿಯನ್ನು ವಿಚಾರಿಸುತ್ತಿದ್ದೆ. "ನಿಮ್ ಹೀರೆಗೇನು, ನಮಗಿಂತ ಚೆನ್ನಾಗವ್ಳೆ. ನಮ್ಮನ್ನೂ ಒಂದ್ ಸಲ ವಿಚಾರುಸ್ಕಳಿ ಭಾವ" ಎಂದು ಸೊಸೆ ಹಂಗಿಸುತ್ತಿದ್ದಳು. ಕಾಯಿ ಬಿಟ್ಟಾಗ ಮೊದಲಿನದನ್ನು ಅಮ್ಮನಿಗೇ ಕಳುಹಿಸಿದರು. ಅಮ್ಮ ಹಸಿಯದಾಗಿಯೇ ತುದಿ ಕಚ್ಚಿ ನೋಡಿದಳು, ಇನ್ನೊಮ್ಮೆ ಕಚ್ಚಿದಳು, ಉಳಿದದ್ದನ್ನು ನನಗೆ ಕೊಟ್ಟಳು. ಕಹಿ ಇರಲಿಲ್ಲ.

ಈ ಚಳಿಗಾಲ ಮತ್ತೆ ಅತಿಥಿಗಳನ್ನು ಕರೆತರಲು ನನಗೆ ಧೈರ್ಯವಿರಲಿಲ್ಲ. ಕರೆಸಿದವಳು ದೊಡ್ಡಮ್ಮ. ಅವರೆ ಸುರಿದು ಬಿದ್ದಿದೆ, ನೆಂಟರೇ ಇಲ್ಲದೆ ತೋಟ ಬಿಕೋ ಎನ್ನುತ್ತದೆ ಎಂದಳು. ಆರು ಜನ ಹೋದೆವು. ನಾನು ಯಾವ ಹಾಳೆಯನ್ನೂ ಓದಲಿಲ್ಲ. ಬೇಲಿಯ ಬಳಿ ಮಾತ್ರ ಕಾವಲುಗಾರನಂತೆ ನಿಂತೆ. ಬಳ್ಳಿಯಲ್ಲಿ ಮೂರು ಒಣಹೀರೆ, ಮೂರಕ್ಕೂ ಬಟ್ಟೆಚೂರು.

ಹೊಸದಾಗಿ ಬಂದಿದ್ದ ನರ್ಸ್ ಒಬ್ಬಳು, ನಾನು ಅತ್ತ ನೋಡುವಷ್ಟರಲ್ಲಿ, ಬೇಲಿಯ ಇನ್ನೊಂದು ಬದಿಯಿಂದ ಕೈ ಚಾಚಿ ಒಂದು ಕಾಯಿಯನ್ನು ಹಿಡಿದುಬಿಟ್ಟಿದ್ದಳು. ನಾನು ಬಾಯಿ ತೆರೆದೆ. ಬೀಜದ ಪರಂಪರೆ, ಒಕ್ಕಲುತನದ ಹಕ್ಕು, ನಮ್ಮ ಅಜ್ಞಾನ, ಎಲ್ಲವೂ ಸಾಲಾಗಿ ನಾಲಿಗೆಗೆ ಬಂದು ನಿಂತಿದ್ದವು. ಎಲ್ಲಿಂದ ಆರಂಭಿಸಲಿ ಎಂದು ನಾನು ಆರಿಸುತ್ತಿದ್ದೆ.

"ಅದೊಂದ್ ಬುಡವ್ವ" ಎಂದಿತು ನನ್ನ ಹಿಂದಿನಿಂದ ಒಂದು ದನಿ. "ಬೀಜಕ್ ಬುಟ್ಟಿರದು."

"ಹೌದಾ ದೊಡ್ಡಮ್ಮ? ಗೊತ್ತಾಗ್ಲಿಲ್ಲ" ಎಂದು ನರ್ಸ್ ಕೈ ಬಿಟ್ಟಳು. ಬಿಟ್ಟು, "ಅವರೆ ಕಿತ್ಕೋಬಹುದಾ?" ಎಂದು ಕೇಳಿ, ಉತ್ತರಕ್ಕೆ ಕಾದು, ಸಾಲಿನ ಕಡೆ ನಡೆದಳು.

ಅಷ್ಟೆ. ಹಿಂದಿನ ವರ್ಷ ಬೇಕಾಗಿದ್ದದ್ದೂ ಅಷ್ಟೇ.

ನಾನು ತಿರುಗಿ ನೋಡಿದೆ. ದೊಡ್ಡಮ್ಮನ ಸೆರಗಿನ ತುದಿ ಮುಷ್ಟಿಯಲ್ಲಿತ್ತು. ನೆಂಟರ ಕೈ ತಡೆದ ಮೇಲೆ ಏನೋ ಒಂದು ಕೆಡುಕು ಆಗಲೇಬೇಕೆಂಬಂತೆ ಅವಳು ನರ್ಸಿನ ಬೆನ್ನನ್ನೇ ನೋಡುತ್ತಿದ್ದಳು. ನರ್ಸ್ ಅವರೆಯ ಸಾಲಿನಲ್ಲಿ ಬಗ್ಗಿ, ಯಾರಿಗೋ ಏನೋ ಹೇಳಿ ನಕ್ಕಳು.

"ಬೇಜಾರ್ ಮಾಡ್ಕಂಡ್ಳಾ?" ಎಂದು ದೊಡ್ಡಮ್ಮ ನನ್ನನ್ನು ಕೇಳಿದಳು.

"ಗೊತ್ತಿಲ್ಲ ದೊಡ್ಡಮ್ಮ" ಎಂದೆ. "ಕೇಳಿಕೊಂಡು ಬರ್ತೀನಿ."